ಕ್ಯಾಶುವಾಲ್ಟಿಯಲ್ಲಿ ‘ನಾಟಕ’ ಎಂದರು. ನನ್ನ ತಂಗಿಗೆ ಆಗಿರುವುದೇನು?

ಪ್ರಶ್ನೆ: ಡಾಕ್ಟರೇ, ನನ್ನ ತಂಗಿಗೆ 22 ವರ್ಷ. ಮದುವೆಯಾಗಿ ಒಂದೂವರೆ ವರ್ಷವಾಯಿತು. ನಾಲ್ಕು ತಿಂಗಳಿಂದ ಆಗಾಗ ಕುಸಿದು ಬಿದ್ದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಹತ್ತು ಹದಿನೈದು ನಿಮಿಷ ಕೈಕಾಲು ಬಡಿಯುತ್ತಾಳೆ. ಕಳೆದ ಸಲ ಕ್ಯಾಶುವಾಲ್ಟಿಗೆ ಕರೆದೊಯ್ದಾಗ ಎದೆಯ ಮೂಳೆಯನ್ನು ಜೋರಾಗಿ ಉಜ್ಜಿ, ಮೂಗಿಗೆ ಅಮೋನಿಯಾ ಹಿಡಿದು, ‘ಏನೂ ಇಲ್ಲ, ನಾಟಕ’ ಎಂದು ಕಳುಹಿಸಿದರು. ಸ್ಕ್ಯಾನ್, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಎರಡೂ ನಾರ್ಮಲ್. ಆದರೂ ಫಿಟ್ಸ್ ಮಾತ್ರೆ ಬರೆದಿದ್ದಾರೆ. ಅವಳು ಬೇಕೆಂದೇ ಹೀಗೆ ಮಾಡುತ್ತಿದ್ದಾಳೆಯೇ? ಮತ್ತೆ ಬಂದರೆ ಏನು ಮಾಡಲಿ?

ಉತ್ತರ: ಪತ್ರ ಓದಿ ರೋಗವನ್ನು ಖಚಿತಪಡಿಸುವುದು ಸರಿಯಲ್ಲ. ಆದರೂ ನಿಮ್ಮ ವಿವರಣೆಯನ್ನು ನೋಡಿದರೆ ಇದು ಮನೋಜನ್ಯ ಸೆಳವು, ಅಂದರೆ ಫಿಟ್ಸ್ ಕಾಯಿಲೆಯಿಂದಲ್ಲದೆ ಮನಸ್ಸಿನ ಕಾರಣದಿಂದ ಬರುವ ಸೆಳವು ಆಗಿರುವ ಸಾಧ್ಯತೆ ಹೆಚ್ಚು. ಹಾಗಿದ್ದಲ್ಲಿ ನಿಮ್ಮ ತಂಗಿ ಅದನ್ನು ಬೇಕೆಂದು ಮಾಡುತ್ತಿಲ್ಲ. ರಜೆಗೋ ಪರಿಹಾರದ ಹಣಕ್ಕೋ ಕಾಯಿಲೆಯ ಸೋಗು ಹಾಕುವವರು ಇದ್ದಾರೆ. ಅಂಥ ಲಾಭವೇನೂ ಇಲ್ಲದೆ, ರೋಗಿಯಾಗಿರುವುದಕ್ಕೆಂದೇ ಲಕ್ಷಣಗಳನ್ನು ಸೃಷ್ಟಿಸಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರೂ ಇದ್ದಾರೆ; ಅವರ ಸ್ಥಿತಿಗೆ ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ 1951ರಲ್ಲಿ ಮುಂಚೌಸೆನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಮನೋಜನ್ಯ ಸೆಳವು ಇವೆರಡಕ್ಕೂ ಸೇರಿದ್ದಲ್ಲ. ಅದು ಬಂದಾಗ ಮೈ ರೋಗಿಯ ಹತೋಟಿಯಲ್ಲಿ ಇರುವುದಿಲ್ಲ.

ಅಪಸ್ಮಾರದ (ಫಿಟ್ಸ್ ಕಾಯಿಲೆಯ) ಸೆಳವಿನಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ, ಹೆಚ್ಚಿನವು ಎರಡು ನಿಮಿಷದೊಳಗೆ ನಿಲ್ಲುತ್ತವೆ. ಕಣ್ಣು ಮುಚ್ಚಿರುವುದು, ತಲೆ ಅತ್ತಿತ್ತ ಹೊರಳುವುದು, ಕೈಕಾಲಿನ ಬಡಿತ ಏರಿ ಇಳಿದು ಬಹಳ ಹೊತ್ತು ನಡೆಯುವುದು ಮನೋಜನ್ಯ ಸೆಳವಿನ ಕಡೆಗೆ ಬೊಟ್ಟು ಮಾಡುತ್ತವೆ. ಆದರೆ ಯಾವುದೋ ಒಂದು ಲಕ್ಷಣವನ್ನೇ ನಂಬಿ ತೀರ್ಮಾನಿಸಬಾರದು, ಏಕೆಂದರೆ ಮೆದುಳಿನ ಮುಂಭಾಗದಲ್ಲಿ ಹುಟ್ಟುವ ಅಪಸ್ಮಾರವು ಅನುಭವಿ ವೈದ್ಯರಿಗೂ ನಾಟಕದಂತೆ ಕಾಣಬಲ್ಲದು. ಸೆಳವು ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ನಾರ್ಮಲ್ ಇದ್ದ ಮಾತ್ರಕ್ಕೆ ಅಪಸ್ಮಾರವಿಲ್ಲ ಎಂದೂ ಆಗುವುದಿಲ್ಲ. ಕೆಲವರಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಸೆಳವು ಬರುವ ಹೊತ್ತಿನಲ್ಲೇ ಚಿತ್ರೀಕರಣದೊಂದಿಗೆ ದಾಖಲಿಸುವ ವಿಡಿಯೊ ಇಇಜಿಯಿಂದ ನಿರ್ಣಯ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ.

ಎದೆ ಉಜ್ಜಿ, ಅಮೋನಿಯಾ ಹಿಡಿದುದರಿಂದ ಏನೂ ಸಾಬೀತಾಗಲಿಲ್ಲ. ರೋಗಿ ನೋವಿಗೆ ಎಚ್ಚೆತ್ತರೂ ಅದು ಸೋಗೋ ಮನೋಜನ್ಯ ಸೆಳವೋ ಎಂದು ಅದರಿಂದ ತಿಳಿಯದು. ತುರ್ತು ಚಿಕಿತ್ಸೆಯ ವೈದ್ಯನಾಗಿ ನನಗೆ ಈ ಪದ್ಧತಿ ತೀರಾ ನೋವು ತರುತ್ತದೆ. ಇದಕ್ಕೆ ತದ್ವಿರುದ್ಧವಾದ ತಪ್ಪೂ ನಡೆಯುತ್ತದೆ: ಅಮೆರಿಕದ ತುರ್ತು ವಿಭಾಗಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ನಿಲ್ಲದ ಅಪಸ್ಮಾರವೆಂದು ಸೇರಿಸಿಕೊಂಡವರ ಪೈಕಿ ಸುಮಾರು ಹತ್ತರಲ್ಲಿ ಒಬ್ಬರದು ಮನೋಜನ್ಯ ಸೆಳವಾಗಿತ್ತು. ಇಂಥವರಿಗೆ ಸೆಳವು ನಿಲ್ಲಿಸುವ ಇಂಜೆಕ್ಷನ್ ಮೇಲಿಂದ ಮೇಲೆ ಕೊಟ್ಟರೆ ಉಸಿರಾಟ ಕುಗ್ಗಿ, ವೆಂಟಿಲೇಟರ್ ಹಾಕಬೇಕಾದ ಸ್ಥಿತಿ ಬರಬಹುದು.

ಈಗ ಮಾತ್ರೆಯ ವಿಷಯ. ಅದು ಸೋಡಿಯಂ ವಾಲ್ಪ್ರೊಯೇಟ್ ಆಗಿದ್ದರೆ ಕೂಡಲೇ ನರರೋಗ ತಜ್ಞರನ್ನು ಕಾಣಿರಿ. ಗರ್ಭ ನಿಂತರೆ ಆ ಔಷಧದಿಂದ ಮಗುವಿಗೆ ಅಂಗವೈಕಲ್ಯವಾಗುವ, ಬುದ್ಧಿ ಬೆಳವಣಿಗೆ ಕುಂಠಿತವಾಗುವ ಅಪಾಯವಿದೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಅಪಸ್ಮಾರವೇ ಇದ್ದಲ್ಲಿ ಥಟ್ಟನೆ ಬಿಟ್ಟರೆ ಸೆಳವು ಉಲ್ಬಣಿಸುತ್ತದೆ.

ಮನೋಜನ್ಯ ಸೆಳವೆಂದು ಖಚಿತವಾದರೆ ಮಾತಿನ ಚಿಕಿತ್ಸೆಯೇ ಮುಖ್ಯ. ಗಂಡನ ಮನೆಯಲ್ಲಿ ಹೇಗಿದ್ದಾಳೆಂದು ನಿಮ್ಮ ತಾಯಿಯೋ ಅಕ್ಕನೋ ಅವಳೊಬ್ಬಳನ್ನೇ ಕೂರಿಸಿಕೊಂಡು, ಗದರದೆ ಕೇಳಲಿ. ಹಿಂಸೆಯೋ ಭಯವೋ ಇದ್ದೇ ಇರುತ್ತದೆ ಎಂದಲ್ಲ; ಇದ್ದರೆ ಅದನ್ನು ಹೇಳಿಕೊಳ್ಳಲು ಅವಳಿಗೊಂದು ಎಡೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಸೆಳವು ಬಂದರೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ತಲೆಯಡಿ ಮೆತ್ತನೆಯ ಬಟ್ಟೆ ಇಡಿ. ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ಮುಖ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ತೆಗೆದು, ಎಷ್ಟು ಹೊತ್ತು ನಡೆಯಿತೆಂದು ಬರೆದಿಡಿ. ತಜ್ಞರಿಗೆ ಅದು ಬಹಳ ಉಪಯುಕ್ತ. ನಿರ್ಣಯವಾಗುವವರೆಗೆ ಐದು ನಿಮಿಷ ಮೀರಿದ ಸೆಳವಿಗೆ, ಮೈ ನೀಲಿಗಟ್ಟಿದರೆ, ಪೆಟ್ಟಾದರೆ, ಜ್ವರವಿದ್ದರೆ ಅಥವಾ ಅವಳು ಗರ್ಭಿಣಿಯಾಗಿದ್ದರೆ 108ಕ್ಕೆ ಕರೆ ಮಾಡಿ ಕ್ಯಾಶುವಾಲ್ಟಿಗೇ ಕರೆದೊಯ್ಯಿರಿ. ಹಿಂದಿನ ಸಲ ಆದ ಅವಮಾನಕ್ಕೆ ಹೆದರಿ ಮನೆಯಲ್ಲೇ ಉಳಿಯಬೇಡಿ.