ಕೊನೆ ಗಳಿಗೆಯವರೆಗೆ ಕಾದರೆ ಪ್ರವಾಸ ಅಗ್ಗವಾಗುತ್ತದೆಯೇ?

ಪ್ರಶ್ನೆ: ನಾವು ಗಂಡ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬರುವ ರಜೆಯಲ್ಲಿ ವಿಮಾನದಲ್ಲಿ ಹೋಗಿ ಕಡಲತೀರದ ಊರೊಂದರಲ್ಲಿ ಒಂದು ವಾರ ಇದ್ದು ಬರುವ ಆಸೆ. ನನ್ನ ಸಹೋದ್ಯೋಗಿಯೊಬ್ಬರು ಹೊರಡುವ ಮೂರು ದಿನ ಮುಂಚೆ ಬುಕ್ ಮಾಡಿ ಅರ್ಧ ದರಕ್ಕೆ ಪ್ರವಾಸ ಮುಗಿಸಿ ಬಂದರಂತೆ. ನಾವೂ ಹಾಗೆಯೇ ಕಾಯಬಹುದೇ?

ಉತ್ತರ: ನೀವು ಕಾಯುವುದು ಬೇಡ. ವಿಮಾನದ ಟಿಕೆಟನ್ನಂತೂ ರಜೆಯ ದಿನಗಳು ಗೊತ್ತಾದ ಕೂಡಲೇ ತೆಗೆದುಕೊಳ್ಳಿ. ನಿಮ್ಮ ಸಹೋದ್ಯೋಗಿ ಹೇಳಿದ್ದು ಸುಳ್ಳಿರಲಾರದು. ಅವರು ಒಬ್ಬರೋ ಇಬ್ಬರೋ ಹೋಗಿರಬೇಕು, ಶಾಲೆ ನಡೆಯುವ ದಿನಗಳಲ್ಲಿ ಹೋಗಿರಬೇಕು, ಎಲ್ಲಿ ಅಗ್ಗವೋ ಅಲ್ಲಿಗೆ ಹೋಗಿರಬೇಕು. ನಿಮಗಾದರೆ ದಿನವೂ ನಿಗದಿ, ಊರೂ ನಿಗದಿ, ಮೇಲಾಗಿ ನಾಲ್ಕು ಜನ. ಅದೇ ವಾರ ಅದೇ ಕಡೆಗೆ ಹೊರಟ ಕುಟುಂಬಗಳು ಇನ್ನೆಷ್ಟೋ ಇರುತ್ತವೆ.

ಖಾಲಿ ಸೀಟು ಹೊತ್ತು ಹಾರುವುದಕ್ಕಿಂತ ಸಿಕ್ಕಷ್ಟಕ್ಕೆ ಮಾರುವುದು ಮೇಲಲ್ಲವೇ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಹೂ ಮಾರುವವರು ಕತ್ತಲಾಗುತ್ತಿದ್ದಂತೆ ದರ ಇಳಿಸುತ್ತಾರೆ, ನಿಜ. ಆದರೆ ವಿಮಾನಯಾನ ಸಂಸ್ಥೆಯ ಬಳಿಗೆ ಕೊನೆಯಲ್ಲಿ ಬರುವ ಗಿರಾಕಿಯೇ ಬೇರೆ. ನಾಳೆ ಬೆಳಿಗ್ಗೆ ಸಭೆಗೆ ತಲುಪಲೇಬೇಕಾದವರು, ಹತ್ತಿರದವರು ತೀರಿಕೊಂಡ ಸುದ್ದಿ ಬಂದವರು. ದರ ನೋಡಿ ಹಿಂದೆ ಸರಿಯುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ. ಅಮೆರಿಕದಲ್ಲಿ 1978ರಲ್ಲಿ ವಿಮಾನ ದರದ ಮೇಲಿನ ಸರ್ಕಾರಿ ಹಿಡಿತ ಸಡಿಲಿದ ಮೇಲೆ ಅಗ್ಗದ ದರದ ಹೊಸ ಸಂಸ್ಥೆಗಳು ಬಂದವು. ಅವುಗಳಿಗೆ ಉತ್ತರವಾಗಿ ಅಮೆರಿಕನ್ ಏರ್‌ಲೈನ್ಸ್ 1985ರ ಜನವರಿಯಲ್ಲಿ ಮುಂಗಡ ಖರೀದಿಯ ಷರತ್ತಿನೊಂದಿಗೆ ಭಾರಿ ಅಗ್ಗದ ಟಿಕೆಟ್ ಬಿಟ್ಟಿತು. ಪ್ರತಿ ವಿಮಾನದಲ್ಲಿ ಅಂತಹ ಸೀಟು ಎಷ್ಟಿರಬೇಕು, ತಡವಾಗಿ ಬಂದು ಹೆಚ್ಚು ಕೊಡುವವರಿಗೆ ಎಷ್ಟು ಕಾದಿಡಬೇಕು ಎಂಬ ಲೆಕ್ಕವನ್ನು ಕಂಪ್ಯೂಟರ್ ನೋಡಿಕೊಂಡಿತು. ಇಂದಿನ ದರ ಪದ್ಧತಿ ಬೆಳೆದದ್ದು ಅಂತಹ ಲೆಕ್ಕಾಚಾರದಿಂದಲೇ.

ಆ ಲೆಕ್ಕ ನಿಮ್ಮ ಮೇಲೆ ಹೇಗೆ ಬೀಳುತ್ತದೆ ನೋಡಿ. ಒಂದೇ ತರಹದ ಸೀಟುಗಳನ್ನೇ ಹತ್ತಾರು ದರದ ಗುಂಪುಗಳಾಗಿ ವಿಂಗಡಿಸಿರುತ್ತಾರೆ. ಕೆಳಗಿನ ದರದ್ದು ಮುಗಿದರೆ ಮೇಲಿನದು ತೆರೆದುಕೊಳ್ಳುತ್ತದೆ. ಕಡಿಮೆ ದರದಲ್ಲಿ ಎರಡೇ ಸೀಟು ಉಳಿದಿವೆ ಎಂದುಕೊಳ್ಳಿ. ನೀವು ನಾಲ್ಕು ಕೇಳಿದಾಗ ಬುಕಿಂಗ್ ವ್ಯವಸ್ಥೆ ಸಾಮಾನ್ಯವಾಗಿ ನಾಲ್ಕೂ ಸೀಟು ಸಿಗುವ ಮೇಲಿನ ದರವನ್ನು ಎಲ್ಲರಿಗೂ ಹಾಕಿ ತೋರಿಸುತ್ತದೆ. ಅಲ್ಲೇ ಇದ್ದ ಎರಡು ಅಗ್ಗದ ಸೀಟು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಮೊದಲು ಇಬ್ಬರಿಗೆಂದು ಹುಡುಕಿ, ಆಮೇಲೆ ನಾಲ್ವರಿಗೆಂದು ಹುಡುಕಿ, ತಲಾ ದರ ಹೋಲಿಸಿ. ವ್ಯತ್ಯಾಸ ದೊಡ್ಡದಿದ್ದರೆ ಒಬ್ಬೊಬ್ಬ ಹಿರಿಯರ ಜೊತೆ ಒಂದೊಂದು ಮಗುವನ್ನು ಸೇರಿಸಿ ಎರಡು ಬುಕಿಂಗ್ ಮಾಡಬಹುದು. ಆದರೆ ವಿಮಾನ ರದ್ದಾದರೆ ಸಂಸ್ಥೆಯ ಕಣ್ಣಿಗೆ ನೀವು ಒಂದೇ ಕುಟುಂಬ ಅಲ್ಲ, ಬೇರೆ ಬೇರೆ ವಿಮಾನಕ್ಕೆ ಹಾಕಿಬಿಟ್ಟಾರು. ಚಿಕ್ಕ ಮಕ್ಕಳಿದ್ದರೆ ನಾನಂತೂ ಸ್ವಲ್ಪ ಹೆಚ್ಚು ಕೊಟ್ಟು ಒಂದೇ ಬುಕಿಂಗ್ ಮಾಡಿಸುತ್ತೇನೆ.

ಹೋಟೆಲಿನ ಮಾತು ಬೇರೆ, ಅಲ್ಲಿ ಕಾದವರಿಗೆ ನಿಜಕ್ಕೂ ಲಾಭ ಆಗುವುದುಂಟು. ಶುಲ್ಕವಿಲ್ಲದೆ ರದ್ದು ಮಾಡುವ ಗಡುವು ಅನೇಕ ಹೋಟೆಲುಗಳಲ್ಲಿ ತಲುಪುವ ಒಂದೆರಡು ದಿನ ಮುಂಚಿನವರೆಗೂ ಇರುತ್ತದೆ. ಆ ಗಡುವು ಹತ್ತಿರವಾದಾಗ ಮನಸ್ಸು ಬದಲಿಸಿದವರ ಕೊಠಡಿಗಳೆಲ್ಲ ಮತ್ತೆ ಮಾರಾಟಕ್ಕೆ ಬರುತ್ತವೆ, ಬೇಡಿಕೆ ಕಡಿಮೆಯಿದ್ದರೆ ದರವೂ ಇಳಿಯುತ್ತದೆ. ಆದರೆ ಬರಿಗೈಯಲ್ಲಿ ಕಾಯಬೇಡಿ. ರದ್ದು ಮಾಡಬಹುದಾದ ಕೊಠಡಿಯೊಂದನ್ನು ಈಗಲೇ ಹಿಡಿದಿಟ್ಟುಕೊಳ್ಳಿ. ಗಡುವಿಗೆ ಎರಡು ದಿನ ಇರುವಾಗ ಮತ್ತೆ ದರ ನೋಡಿ. ಕಡಿಮೆಯದು ಸಿಕ್ಕರೆ ಮೊದಲು ಅದನ್ನು ಖಚಿತಪಡಿಸಿಕೊಂಡು, ಆಮೇಲೆ ಹಳೆಯದನ್ನು ಬಿಡಿ. ಗಡುವಿನ ಗಂಟೆಯನ್ನು ಸಾಮಾನ್ಯವಾಗಿ ಹೋಟೆಲ್ ಇರುವ ಊರಿನ ಸಮಯದಲ್ಲಿ ಲೆಕ್ಕ ಹಾಕುತ್ತಾರೆ. ಇದನ್ನು ಗಮನಿಸದೆ ಒಂದು ರಾತ್ರಿಯ ಬಾಡಿಗೆ ಕಳೆದುಕೊಂಡವರನ್ನು ಕಂಡು ನನಗೆ ಸಂಕಟವಾಗಿದೆ.

ಪ್ರಶ್ನೆ: ನಾವಿಬ್ಬರೂ ನಿವೃತ್ತರು. ಯಾವಾಗ, ಎಲ್ಲಿಗೆ ಎಂಬ ಹಟವಿಲ್ಲ. ನಮಗಾದರೂ ತಡವಾಗಿ ಬುಕ್ ಮಾಡುವುದು ಲಾಭವೇ?

ಉತ್ತರ: ಹೌದು, ನಿಮ್ಮಂಥವರಿಗೇ ಲಾಭ. ಪ್ಯಾಕೇಜ್ ಪ್ರವಾಸ ನಡೆಸುವವರು ವಿಮಾನದ ಸೀಟು, ಹೋಟೆಲಿನ ಕೊಠಡಿಗಳನ್ನು ತಿಂಗಳುಗಟ್ಟಲೆ ಮುಂಚೆ ಸಗಟಾಗಿ ಹಿಡಿದಿರುತ್ತಾರೆ. ಉಳಿದದ್ದನ್ನು ಹಿಂದಿರುಗಿಸುವ ಅವಕಾಶ ಇಲ್ಲದಿದ್ದರೆ ಹೊರಡುವ ದಿನ ಹತ್ತಿರವಾದಂತೆ ದರ ಬೀಳುತ್ತದೆ. ಯಾವ ಹೋಟೆಲ್ ಎಂಬುದನ್ನು ಮೊದಲೇ ಹೇಳದೆ ಕೊಡುವುದೂ ಉಂಟು. ಅದನ್ನು ಒಪ್ಪುವ ಮುನ್ನ ಮೆಟ್ಟಿಲು, ಲಿಫ್ಟ್ ವಿಚಾರಿಸಿಕೊಳ್ಳಿ.

ಹಡಗಿನ ಪ್ರವಾಸದಲ್ಲಿ ಕಣ್ಣಿಡಬೇಕಾದದ್ದು ಕೊನೆಯ ವಾರಕ್ಕಲ್ಲ. ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹೊರಡುವ 60ರಿಂದ 90 ದಿನ ಮುಂಚೆ ಇರುತ್ತದೆ. ಹಣ ಕಟ್ಟದವರ ಕೊಠಡಿಗಳು ಆಗ ಮಾರಾಟಕ್ಕೆ ಮರಳುತ್ತವೆ. ಅಲ್ಲಿಂದ ಮುಂದಿನ ಕೆಲವು ವಾರ ದರ ನೋಡುತ್ತಿರಿ. ಬಂದರಿಗೆ ತಲುಪುವ ವಿಮಾನದ ಟಿಕೆಟನ್ನೂ ಅದೇ ಲೆಕ್ಕಕ್ಕೆ ಸೇರಿಸಿ, ಹಡಗಿನಲ್ಲಿ ಉಳಿದದ್ದು ವಿಮಾನಕ್ಕೇ ಹೋಗಿಬಿಡಬಹುದು.

ವಿದೇಶವಾದರೆ ಕಾಗದಪತ್ರಗಳೇ ನಿಮ್ಮನ್ನು ತಡೆದಾವು. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಶೆಂಗೆನ್ ವೀಸಾಕ್ಕೆ ಪ್ರಯಾಣದ 15 ದಿನ ಮುಂಚೆಯಾದರೂ ಅರ್ಜಿ ಹಾಕಿರಬೇಕು. ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳ ಅವಧಿ ಇರಬೇಕೆನ್ನುವ ದೇಶಗಳು ಅನೇಕ. ವೀಸಾ ಬೇಡದ ಅಥವಾ ಈಗಾಗಲೇ ವೀಸಾ ಇರುವ ಜಾಗಗಳ ಪಟ್ಟಿ ಮಾಡಿಟ್ಟುಕೊಂಡು ಅವುಗಳ ದರವನ್ನಷ್ಟೇ ಗಮನಿಸಿ. ಹಣ ಕಟ್ಟಿದ ದಿನವೇ ಪ್ರಯಾಣ ವಿಮೆಯನ್ನೂ ಮಾಡಿಸಿ, ಇಬ್ಬರ ರಕ್ತದೊತ್ತಡ, ಸಕ್ಕರೆ ಕಾಯಿಲೆ ಏನಿದ್ದರೂ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ.