ಬಿಎ ಆದಮೇಲೆ ಕಲಾ ಇತಿಹಾಸ, ಪುರಾತತ್ವದಲ್ಲಿ ಎಂಎ ಮಾಡಿದರೆ ಏನು ಕಲಿಯುತ್ತೇವೆ?

ಕಲ್ಲನ್ನು ಓದೋದು ಕಲಿಯುತ್ತೀರಿ. ಇದು ಸುಮ್ನೆ ಮಾತಿಗೆ ಹೇಳಿದ್ದಲ್ಲ.

ಬಾದಾಮಿಯ ಮೂರನೇ ಗುಹೆ ತಗೊಳ್ಳಿ. ಅಲ್ಲಿ ಚಾಲುಕ್ಯ ವಂಶದ ಮಂಗಲೇಶನ ಶಾಸನ ಇದೆ, ಶಕ 500, ಅಂದರೆ ಕ್ರಿ.ಶ. 578. ಇಸವಿ ಗೊತ್ತಿರುವ ಗುಹೆ ಒಂದು ಸಿಕ್ಕರೆ, ಅಲ್ಲಿನ ಕಂಬ, ಕಿರೀಟ, ಒಡವೆಗಳ ಜೊತೆ ಹೋಲಿಸಿ ಇಸವಿ ಇಲ್ಲದ ಗುಡಿಗಳ ಕಾಲವನ್ನೂ ಅಂದಾಜು ಮಾಡಬಹುದು. ಕಲಾ ಇತಿಹಾಸದ ಅರ್ಧ ಕೆಲಸ ಇದೇ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನಂಥ ಶಿಲ್ಪಿಗಳ ಹೆಸರೇ ಇದೆ. ಪ್ರವಾಸಕ್ಕೆ ಹೋದವರು ಮುಖ ನೋಡಿ ಬರುತ್ತಾರೆ, ನೀವು ಪೀಠ ನೋಡುತ್ತೀರಿ!

ಶಾಸನದ ಪಡಿಯಚ್ಚು ತೆಗೆಯೋದು ನನಗೆ ತುಂಬಾ ಇಷ್ಟವಾದ ಪಾಠ. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಅಕ್ಷರದ ಗುಳಿಗೆ ಇಳಿಯುವ ಹಾಗೆ ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತಬೇಕು. ಕಪ್ಪಿನ ನಡುವೆ ಬಿಳಿ ಅಕ್ಷರ ಮೂಡುತ್ತದೆ. ಕೈಯೆಲ್ಲಾ ಮಸಿ, ಬಿಡಿ. ಉತ್ಖನನದಲ್ಲಿ ಮಡಕೆ ಚೂರು ತೊಳೆದು ನಂಬರ್ ಹಾಕೋದೇ ಜಾಸ್ತಿ. ನಿಧಿ ಗಿಧಿ ಸಿನಿಮಾದಲ್ಲಿ ಮಾತ್ರ.

ಮೈಸೂರು ವಿಶ್ವವಿದ್ಯಾಲಯ, ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಇದರ ವಿಭಾಗಗಳಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರಕ್ಕೆ ಒತ್ತು. ಬರೀ ಪುರಾತತ್ವ ಬೇಕಿದ್ದರೆ ಪುಣೆಯ ಡೆಕ್ಕನ್ ಕಾಲೇಜು ನೋಡಿ.

ಕೆಲಸ ಕಡಿಮೆ, ಪೈಪೋಟಿ ಜಾಸ್ತಿ. ಹಾಗಾಗಿ ಎಂಎ ಓದುವಾಗಲೇ ನೆಟ್‌ಗೆ (ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ) ತಯಾರಿ ಶುರು ಮಾಡಿ, ಹಳಗನ್ನಡ ಲಿಪಿಯನ್ನೂ ಕಲಿತುಬಿಡಿ.