ಪವರ್‌ಲೈನ್ ಪ್ಲಗ್ ಮೇಲೆ ವಿಲ್ಯಾನ್: ಟ್ಯಾಗ್ ಎಲ್ಲಿ ಬೀಳುತ್ತದೆ, ಎಲ್ಲಿ ಕಳೆದುಹೋಗುತ್ತದೆ

(ಆಜ್ಞೆಗಳನ್ನು ಓದುವ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇವೆ. ಈಥ್0 ಎಂದಿರುವಲ್ಲಿ ನಿಮ್ಮ ಲ್ಯಾನ್ ಪೋರ್ಟಿನ ಹೆಸರು ಹಾಕಿ.)

ಪ್ರಶ್ನೆ: ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ತಂತ್ರಾಂಶ ಹಾಕಿದ ರೂಟರ್, ಮೇಲೆ ಒಂದು ಸ್ಮಾರ್ಟ್ ಸ್ವಿಚ್, ನಡುವೆ ಒಂದು ಜೋಡಿ ಹೋಮ್‌ಪ್ಲಗ್ ಎವಿ2 ಪ್ಲಗ್ (ಮನೆಯ ಕರೆಂಟ್ ವೈರಿನಲ್ಲೇ ನೆಟ್‌ವರ್ಕ್ ಸಾಗಿಸುವ ಪವರ್‌ಲೈನ್ ಪ್ಲಗ್). ಮಾಮೂಲಿ ಇಂಟರ್ನೆಟ್ ಸರಾಗವಾಗಿ ಬರುತ್ತಿತ್ತು. ಮನೆಯವರಿಗೆ ವಿಲ್ಯಾನ್ (ಒಂದೇ ವೈರಿನಲ್ಲಿ ಸಂಖ್ಯೆಯಿಂದ ಬೇರ್ಪಡಿಸಿದ ನೆಟ್‌ವರ್ಕ್) 10, ಸಿಸಿಟಿವಿಗೆ 20 ಎಂದು ಬೇರೆ ಮಾಡಿದ ಮೇಲೆ ಮೇಲಿನ ಕ್ಯಾಮೆರಾಗಳು ಸಿಗುತ್ತಿಲ್ಲ. ಪ್ಲಗ್‌ನ ಮಾಹಿತಿ ಕೇಳುವ ಪಿಎಲ್‌ಸಿಟೂಲ್ ಆಜ್ಞೆಗೂ ಪ್ಲಗ್ ಉತ್ತರಿಸುತ್ತಿಲ್ಲ. ಪ್ಲಗ್ ಒಳಗೂ ವಿಲ್ಯಾನ್ ಸೆಟ್ ಮಾಡಬೇಕೇ? — ಮೈಸೂರಿನ ಓದುಗರು

ಉತ್ತರ: ಬೇಕಾಗಿಲ್ಲ. ಮನೆ ಬಳಕೆಯ ಪ್ಲಗ್ ಒಂದು ಸೇತುವೆ ಅಷ್ಟೆ. ಒಂದು ಕಡೆ ಬಂದ ಈಥರ್‌ನೆಟ್ ಫ್ರೇಮನ್ನು ಇನ್ನೊಂದು ಕಡೆ ಹಾಗೇ ಇಳಿಸುತ್ತದೆ. ಟ್ಯಾಗ್ (ಫ್ರೇಮ್ ಯಾವ ವಿಲ್ಯಾನಿನದು ಎಂಬ ಗುರುತು) ಹಾಕುವುದು, ತೆಗೆಯುವುದು ಎರಡೂ ತುದಿಯ ರೂಟರ್ ಮತ್ತು ಸ್ವಿಚ್ ಕೆಲಸ. ಪ್ಲಗ್ ಆ 4 ಬೈಟಿನ ಟ್ಯಾಗನ್ನು ಮುಟ್ಟದೆ ದಾಟಿಸುತ್ತಿದೆಯೇ ಎಂಬುದನ್ನಷ್ಟೇ ಮೊದಲು ಖಚಿತಪಡಿಸಿಕೊಳ್ಳಿ. ಅದಕ್ಕೆ ರೂಟರ್, ಸ್ವಿಚ್ ಎರಡನ್ನೂ ಬದಿಗಿಟ್ಟು, ಎರಡು ಲಿನಕ್ಸ್ ಲ್ಯಾಪ್‌ಟಾಪ್‌ಗಳನ್ನು ನೇರವಾಗಿ ಎರಡು ಪ್ಲಗ್‌ಗಳಿಗೆ ಚುಚ್ಚಿ. ಕೆಳಗಿನದರಲ್ಲಿ ರೂಟ್ ಆಗಿ ಈ ಮೂರು ಸಾಲು:

ಐಪಿ ಲಿಂಕ್ ಆ್ಯಡ್ ಲಿಂಕ್ ಈಥ್0 ನೇಮ್ ಈಥ್0.20 ಟೈಪ್ ವಿಲ್ಯಾನ್ ಐಡಿ 20
ಐಪಿ ಅಡ್ರ್ ಆ್ಯಡ್ 192.168.77.1/24 ಡೆವ್ ಈಥ್0.20
ಐಪಿ ಲಿಂಕ್ ಸೆಟ್ ಈಥ್0.20 ಅಪ್

ಮೇಲಿನದರಲ್ಲೂ ಇದೇ, ವಿಳಾಸ ಮಾತ್ರ 192.168.77.2. ಈಗ ಕೆಳಗಿನಿಂದ ಪಿಂಗ್ ಮಾಡಿ. ಬಂದರೆ ಪ್ಲಗ್ ನಿರಪರಾಧಿ; ತಪ್ಪು ಸ್ವಿಚ್‌ನಲ್ಲೋ ರೂಟರ್‌ನಲ್ಲೋ ಇದೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಈ ಪರೀಕ್ಷೆ ಮಾಡಲು ಹೋಗಬೇಡಿ. ಅಲ್ಲಿ ಬಹಳಷ್ಟು ನೆಟ್‌ವರ್ಕ್ ಕಾರ್ಡ್‌ಗಳ ಡ್ರೈವರೇ ಟ್ಯಾಗ್ ಕಳಚಿಬಿಡುತ್ತದೆ. ವೈರ್‌ಶಾರ್ಕ್‌ನಲ್ಲಿ ಟ್ಯಾಗ್ ಕಾಣದೆ ಜನ ಸುಮ್ಮನೆ ಪ್ಲಗ್ ಮೇಲೆ ಗೂಬೆ ಕೂರಿಸುತ್ತಾರೆ.

ಸಣ್ಣ ಪಿಂಗ್ ಬಂದ ಮಾತ್ರಕ್ಕೆ ಎದ್ದುಬಿಡಬೇಡಿ. ಪೂರ್ತಿ ಗಾತ್ರದ ಫ್ರೇಮನ್ನೂ ಕಳಿಸಿ ನೋಡಿ:

ಪಿಂಗ್ -ಎಮ್ ಡು -ಎಸ್ 1472 192.168.77.2

ಇಲ್ಲಿ ಎಮ್ ದೊಡ್ಡಕ್ಷರ, ಎಸ್ ಚಿಕ್ಕದು. 1472ಕ್ಕೆ ಐಸಿಎಂಪಿಯ 8 ಮತ್ತು ಐಪಿಯ 20 ಬೈಟ್ ಸೇರಿ 1500 ಆಗುತ್ತದೆ. ಈಥರ್‌ನೆಟ್ ತಲೆಬಾಲ ಸೇರಿದರೆ 1518, ಟ್ಯಾಗ್ ಸೇರಿದರೆ 1522. ನಡುವಿನ ಯಾವುದೋ ಹಳೆಯ ಉಪಕರಣ 1518ಕ್ಕೆ ಮಿತಿ ಹಾಕಿಕೊಂಡಿದ್ದರೆ 1468ರ ಪಿಂಗ್ ಹೋಗುತ್ತದೆ, 1472ರದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಇದರ ಲಕ್ಷಣ ವಿಚಿತ್ರ: ಕ್ಯಾಮೆರಾದ ಲಾಗಿನ್ ಪುಟ ತೆರೆಯುತ್ತದೆ, ವಿಡಿಯೊ ಮಾತ್ರ ಬರುವುದಿಲ್ಲ. ಆಗ ಎರಡೂ ತುದಿಯಲ್ಲಿ ಆ ವಿಲ್ಯಾನಿನ ಎಂಟಿಯು, ಅಂದರೆ ಒಂದು ಫ್ರೇಮಿನೊಳಗೆ ಹಿಡಿಸುವ ಗರಿಷ್ಠ ಗಾತ್ರವನ್ನು, 1496ಕ್ಕೆ ಇಳಿಸಿ (ಐಪಿ ಲಿಂಕ್ ಸೆಟ್ ಈಥ್0.20 ಎಂಟಿಯು 1496). ಕ್ಯಾಮೆರಾದಲ್ಲೂ ಎಂಟಿಯು ಬದಲಿಸಬೇಕು. ಒಂದು ಕಡೆ ಮಾತ್ರ ಇಳಿಸಿದರೆ ಇನ್ನೊಂದು ಕಡೆಯಿಂದ ದೊಡ್ಡ ಫ್ರೇಮ್ ಬರುತ್ತಲೇ ಇರುತ್ತದೆ.

ನೀವು ಬರೆದಿರುವುದನ್ನು ನೋಡಿದರೆ ನಮ್ಮ ಅನುಮಾನ ಮೇಲಿನ ಸ್ವಿಚ್‌ನ ಪಿವಿಐಡಿ ಮೇಲೆ. ಟ್ಯಾಗ್ ಇಲ್ಲದೆ ಪೋರ್ಟಿಗೆ ಬಂದ ಫ್ರೇಮನ್ನು ಯಾವ ವಿಲ್ಯಾನಿಗೆ ಹಾಕಬೇಕೆಂದು ಹೇಳುವ ಸಂಖ್ಯೆ ಅದು. ಅಗ್ಗದ ಸ್ಮಾರ್ಟ್ ಸ್ವಿಚ್‌ಗಳಲ್ಲಿ ವಿಲ್ಯಾನ್ ಸದಸ್ಯತ್ವ ಒಂದು ಪುಟ, ಪಿವಿಐಡಿ ಇನ್ನೊಂದು ಪುಟ. ಕ್ಯಾಮೆರಾ ಪೋರ್ಟನ್ನು 20ಕ್ಕೆ ಅನ್‌ಟ್ಯಾಗ್ಡ್ ಸದಸ್ಯ ಮಾಡಿ, ಪಿವಿಐಡಿಯನ್ನು 1ರಲ್ಲೇ ಬಿಟ್ಟರೆ ಕ್ಯಾಮೆರಾಗೆ ಹೋಗುವ ಫ್ರೇಮ್ ಸರಿಯಾಗಿ ತಲುಪುತ್ತದೆ, ಅಲ್ಲಿಂದ ಬರುವುದು ವಿಲ್ಯಾನ್ 1ಕ್ಕೆ ಬೀಳುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಸ್ವಿಚ್ಚನ್ನು ಮತ್ತೆ ಜೋಡಿಸಿ, ಕೆಳಗಿನ ಲ್ಯಾಪ್‌ಟಾಪ್‌ನ ಈಥ್0.20ಕ್ಕೆ ಕ್ಯಾಮೆರಾ ಸಾಲಿನ ಒಂದು ವಿಳಾಸ ಕೊಟ್ಟು, ಕ್ಯಾಮೆರಾಗೆ ಪಿಂಗ್ ಹಚ್ಚಿಟ್ಟು, ಇನ್ನೊಂದು ಟರ್ಮಿನಲ್‌ನಲ್ಲಿ

ಟಿಸಿಪಿಡಂಪ್ -ಇ -ಎನ್ -ಐ ಈಥ್0

ಎಂದು ಓಡಿಸಿ. ಹೊರಗೆ ಹೋಗುವ ಎಆರ್‌ಪಿ (ಈ ಐಪಿ ವಿಳಾಸ ಯಾರದ್ದು ಎಂಬ) ವಿಚಾರಣೆಯ ಸಾಲಿನಲ್ಲಿ ವಿಲ್ಯಾನ್ 20 ಎಂದಿದ್ದು, ಮರಳಿ ಬಂದ ಉತ್ತರದ ಸಾಲಿನಲ್ಲಿ ಆ ಪದವೇ ಇಲ್ಲದಿದ್ದರೆ ಪಿವಿಐಡಿಯೇ ಕಾರಣ, ಬೇರೆಲ್ಲೂ ಹುಡುಕಬೇಡಿ.

ಇನ್ನು ಪಿಎಲ್‌ಸಿಟೂಲ್‌ನ ಮೌನ. ಪ್ಲಗ್ ಜೊತೆ ಅದು ಮಾತಾಡುವುದು ಐಪಿಯಲ್ಲಿ ಅಲ್ಲ, 88ಇ1 ಎಂಬ ಈಥರ್‌ಟೈಪಿನ ಮ್ಯಾನೇಜ್‌ಮೆಂಟ್ ಫ್ರೇಮ್‌ಗಳಲ್ಲಿ. ಅವಕ್ಕೆ ಟ್ಯಾಗ್ ಇರುವುದಿಲ್ಲ. ನೀವು ಪ್ಲಗ್ ಕಡೆಯ ಪೋರ್ಟನ್ನು 10, 20 ಎರಡಕ್ಕೂ ಟ್ಯಾಗ್ಡ್ ಮಾಡಿ, ಟ್ಯಾಗ್ ಇಲ್ಲದ ವಿಲ್ಯಾನನ್ನು ಅಲ್ಲಿಂದ ಪೂರ್ತಿ ಕಿತ್ತಿರಬೇಕು. ಹಾಗಾಗಿ ಪ್ಲಗ್ ಸತ್ತಂತೆ ಕಾಣುತ್ತಿದೆ, ಸತ್ತಿಲ್ಲ. ಆ ಪೋರ್ಟಿನಲ್ಲಿ ಯಾರೂ ಬಳಸದ ಒಂದು ವಿಲ್ಯಾನನ್ನು, 99 ಎನ್ನಿ, ಅನ್‌ಟ್ಯಾಗ್ಡ್ ಆಗಿ ಉಳಿಸಿಕೊಳ್ಳಿ. ಓಪನ್‌ಡಬ್ಲ್ಯುಆರ್‌ಟಿ 21.02ರಿಂದೀಚೆಗೆ, ಡಿಎಸ್‌ಎ (ಪ್ರತಿ ಪೋರ್ಟನ್ನೂ ಬೇರೆಯಾಗಿ ತೋರಿಸುವ ಡ್ರೈವರ್ ವ್ಯವಸ್ಥೆ) ಬಳಸುವ ರೂಟರ್‌ಗಳಲ್ಲಿ, ಇದು ನೆಟ್‌ವರ್ಕ್ ಫೈಲಿನ ಬ್ರಿಡ್ಜ್-ವಿಲ್ಯಾನ್ ಭಾಗದಲ್ಲಿ ಬರುತ್ತದೆ: ವಿಲ್ಯಾನ್ 10 ಮತ್ತು 20ಕ್ಕೆ ಪೋರ್ಟನ್ನು ಲ್ಯಾನ್1:ಟಿ ಎಂದೂ, 99ಕ್ಕೆ ಲ್ಯಾನ್1:ಯು* ಎಂದೂ ಬರೆಯಿರಿ. ಆಮೇಲೆ 99ರಲ್ಲಿರುವ ಇನ್ನೊಂದು ಪೋರ್ಟಿಗೆ ಲ್ಯಾಪ್‌ಟಾಪ್ ಚುಚ್ಚಿ ಕೇಳಿ:

ಪಿಎಲ್‌ಸಿಟೂಲ್ -ಐ ಈಥ್0 -ಆರ್ ಲೋಕಲ್
ಪಿಎಲ್‌ಸಿಸ್ಟ್ಯಾಟ್ -ಟಿ -ಐ ಈಥ್0

ಮೊದಲನೆಯದು ಚಿಪ್ ಮತ್ತು ಫರ್ಮ್‌ವೇರ್ ಹೇಳುತ್ತದೆ, ಎರಡನೆಯದು ಎಲ್ಲ ಪ್ಲಗ್‌ಗಳ ಪಟ್ಟಿ ಮತ್ತು ಅವುಗಳ ಟಿಎಕ್ಸ್, ಆರ್‌ಎಕ್ಸ್ ವೇಗ ತೋರಿಸುತ್ತದೆ. ಅಕ್ಷರದ ಮೇಲೆ ನಿಗಾ ಇರಲಿ: ಚಿಕ್ಕ ಆರ್ ಮಾಹಿತಿ ಓದುತ್ತದೆ, ದೊಡ್ಡ ಆರ್ ಪ್ಲಗ್ಗನ್ನು ರೀಸೆಟ್ ಮಾಡುತ್ತದೆ, ದೊಡ್ಡ ಟಿ ಅಂತೂ ಫ್ಯಾಕ್ಟರಿ ಸ್ಥಿತಿಗೇ ತಳ್ಳುತ್ತದೆ. ಈ ಉಪಕರಣಗಳೆಲ್ಲ ಕ್ವಾಲ್‌ಕಾಮ್ ಅಥೆರೋಸ್ ಚಿಪ್‌ಗಳಿಗೆ. ಬ್ರಾಡ್‌ಕಾಮ್ ಚಿಪ್ಪಿನವಕ್ಕೆ ಪಿಎಲ್‌ಎ-ಯುಟಿಲ್ ಬೇಕು. ಜಿ.ಎಚ್‌ಎನ್ ಪ್ಲಗ್‌ಗಳು ಬೇರೆ ಕುಲ, ಇವಕ್ಕೆ ಓಗೊಡುವುದಿಲ್ಲ.

ಪ್ರಶ್ನೆ: ಮಹಡಿಯ ಒಂದು ಕೋಣೆ ಬಾಡಿಗೆಗೆ ಕೊಟ್ಟಿದ್ದೇವೆ. ಅಲ್ಲಿಗೆ ಮೂರನೇ ಪ್ಲಗ್ ಹಾಕಿ ವಿಲ್ಯಾನ್ 30 ಮಾತ್ರ ಕೊಡಬೇಕು. ಪ್ಲಗ್‌ನಲ್ಲೇ ವಿಲ್ಯಾನ್ ಫಾರ್ವರ್ಡಿಂಗ್ ಕಟ್ಟಿಹಾಕುವ ಆಜ್ಞೆ ಇದೆಯಂತಲ್ಲ? — ಹುಬ್ಬಳ್ಳಿಯ ಓದುಗರು

ಉತ್ತರ: ಒಂದೇ ನೆಟ್‌ವರ್ಕ್ ಕೀ ಇರುವ ಮೂರು ಪ್ಲಗ್‌ಗಳು ಸೇರಿದರೆ ಮೂರು ಪೋರ್ಟಿನ ಸಾದಾ ಸ್ವಿಚ್ ಆದ ಹಾಗೆ. ರೂಟರ್‌ನಿಂದ ಬಿಟ್ಟ 10, 20, 30ರ ಬ್ರಾಡ್‌ಕಾಸ್ಟ್ ಎಲ್ಲ ಬಾಡಿಗೆ ಕೋಣೆಯ ಪ್ಲಗ್‌ನಲ್ಲೂ ಇಳಿಯುತ್ತದೆ. ಬಾಡಿಗೆಯವರು ಮೇಲೆ ಹೇಳಿದ ಮೂರು ಸಾಲು ಟೈಪ್ ಮಾಡಿದರೆ ನಿಮ್ಮ ಮನೆಯ ನೆಟ್‌ವರ್ಕಿನೊಳಗೇ ಬಂದು ಕೂರುತ್ತಾರೆ. ನಿಮ್ಮ ಆತಂಕ ಸರಿಯಾದದ್ದೇ.

ನೀವು ಕೇಳಿರುವ ಆಜ್ಞೆ ಓಪನ್-ಪಿಎಲ್‌ಸಿ-ಯುಟಿಲ್ಸ್ ಪೊಟ್ಟಣದಲ್ಲಿರುವ ಪಿಎಲ್‌ಸಿಎಫ್‌ಡಬ್ಲ್ಯುಡಿ. ವಿಲ್ಯಾನ್ ಸಂಖ್ಯೆ ನೋಡಿ ಫ್ರೇಮ್ ಸಾಗಿಸುವ ನಿಯಮವನ್ನು ಪ್ಲಗ್‌ಗೆ ಕೊಡುವುದೇ ಅದರ ಕೆಲಸ. ಫರ್ಮ್‌ವೇರ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಪ್ಲಗ್ ನಿರಾಕರಿಸುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಅಂಗಡಿಯ ಪ್ಲಗ್‌ಗಳಲ್ಲಿ ಅದರ ಮೇಲೆ ಭರವಸೆ ಇಡಬೇಡಿ. ಪ್ರಯತ್ನಿಸಲೇಬೇಕೆಂದರೆ ಮೊದಲು ಮೈನಸ್ ಪ್ರಶ್ನಾರ್ಥಕ ಚಿಹ್ನೆ ಕೊಟ್ಟು ನಿಮ್ಮ ಆವೃತ್ತಿಯ ಆಯ್ಕೆಗಳನ್ನು ಓದಿಕೊಳ್ಳಿ. ಪ್ರತಿ ಪ್ಲಗ್‌ನ ಈಗಿನ ಸೆಟ್ಟಿಂಗ್ ಫೈಲನ್ನು ಇಳಿಸಿಟ್ಟುಕೊಳ್ಳಿ:

ಪಿಎಲ್‌ಸಿಟೂಲ್ -ಐ ಈಥ್0 -ಪಿ ಹಳೆಯದು.ಪಿಐಬಿ ಲೋಕಲ್

ಇಲ್ಲಿ ಪಿ ಚಿಕ್ಕಕ್ಷರವೇ ಆಗಿರಬೇಕು, ದೊಡ್ಡದು ಬರೆಯುವ ಆಯ್ಕೆ. ಒಂದು ಪ್ಲಗ್‌ನ ಪಿಐಬಿ ಫೈಲನ್ನು ಇನ್ನೊಂದಕ್ಕೆ ಹಾಕಬಾರದು. ಮ್ಯಾಕ್ ವಿಳಾಸ, ಕೀಗಳು ಅದರೊಳಗೇ ಇರುವುದರಿಂದ ಒಂದೇ ಮ್ಯಾಕ್‌ನ ಎರಡು ಪ್ಲಗ್ ಹುಟ್ಟಿಕೊಂಡು ಎರಡೂ ತಡವರಿಸುತ್ತವೆ. ನಿಯಮ ಹಾಕುವಾಗ ದೂರದ ಪ್ಲಗ್ ಮೊದಲು, ಹತ್ತಿರದ್ದು ಕೊನೆಗೆ. ಹತ್ತಿರದ್ದನ್ನೇ ಮೊದಲು ಕಟ್ಟಿದರೆ ದೂರದ್ದನ್ನು ತಲುಪುವ ದಾರಿಯೇ ಮುಚ್ಚೀತು. ಹಾಗೇನಾದರೂ ಸಿಕ್ಕಿಹಾಕಿಕೊಂಡರೆ ಲ್ಯಾಪ್‌ಟಾಪನ್ನು ಆ ಪ್ಲಗ್‌ಗೇ ನೇರ ಚುಚ್ಚಿ. ಲೋಕಲ್ ಎಂಬ ಹೆಸರಿಗೆ ಸಲ್ಲುವ 00:ಬಿ0:52:00:00:01 ವಿಳಾಸಕ್ಕೆ ಅದು ಉತ್ತರಿಸುತ್ತದೆ.

ನಮ್ಮನ್ನು ಕೇಳಿದರೆ ಇದೆಲ್ಲ ಬಿಟ್ಟು ಬಾಡಿಗೆ ಕೋಣೆಗೆ ಇನ್ನೊಂದು ಜೋಡಿ ಪ್ಲಗ್ ಕೊಳ್ಳಿ. ಕೆಳಗಿನ ಪ್ಲಗ್ಗನ್ನು ರೂಟರ್‌ನ ಬೇರೊಂದು ಪೋರ್ಟಿಗೆ ಹಾಕಿ, ಆ ಪೋರ್ಟನ್ನು 30ಕ್ಕೆ ಅನ್‌ಟ್ಯಾಗ್ಡ್ ಮಾಡಿ. ಆ ಜೋಡಿಯನ್ನು ಅವುಗಳಷ್ಟಕ್ಕೆ ಪೇರ್ ಬಟನ್ ಒತ್ತಿ ಕೂಡಿಸಿ: ಒಂದನ್ನು ಒತ್ತಿದ 2 ನಿಮಿಷದೊಳಗೆ ಇನ್ನೊಂದನ್ನು. ಕೀ ಬೇರೆಯಾದರೆ, 128 ಬಿಟ್ ಎಇಎಸ್ ಗೂಢಲಿಪಿ ನಡುವೆ ಇರುವುದರಿಂದ ಒಂದೇ ವೈರಿನಲ್ಲಿ ಎರಡು ನೆಟ್‌ವರ್ಕ್ ಪರಸ್ಪರ ಕಾಣದೆ ಇರುತ್ತವೆ. ಸಮಯವನ್ನು ಮಾತ್ರ ಹಂಚಿಕೊಳ್ಳುತ್ತವೆ, ಹಾಗಾಗಿ ವೇಗ ಇಬ್ಬರಿಗೂ ಸ್ವಲ್ಪ ಇಳಿಯುತ್ತದೆ. ಹೋಮ್‌ಪ್ಲಗ್‌ಎವಿ ಎಂಬ ಎಲ್ಲರಿಗೂ ಗೊತ್ತಿರುವ ಮೂಲ ಪಾಸ್‌ವರ್ಡಿನಲ್ಲಿ ಯಾವ ಜೋಡಿಯನ್ನೂ ಬಿಡಬೇಡಿ. ವಿಲ್ಯಾನ್ ಟ್ಯಾಗ್ ವಿಂಗಡಣೆಯ ಗುರುತು, ಬೀಗ ಅಲ್ಲ.

ಪ್ರಶ್ನೆ: ವಿಲ್ಯಾನ್ ಎಲ್ಲ ಸರಿ ಇದೆ. ಆದರೂ ಮಹಡಿಯಿಂದ ಕ್ಯಾಮೆರಾ ವಿಡಿಯೊ ಬರುವಾಗ ಅಲ್ಲೇ ಮಾಡುವ ವೈಫೈ ಕರೆ ಕತ್ತರಿಸುತ್ತದೆ. — ಉಡುಪಿಯ ಓದುಗರು

ಉತ್ತರ: ಬೇರೆ ವಿಲ್ಯಾನ್ ಎಂದರೆ ಬೇರೆ ದಾರಿ ಎಂದಲ್ಲ, ಎಲ್ಲವೂ ಅದೇ ಒಂದು ವೈರಿನ ಸರದಿಯಲ್ಲಿ ನಿಲ್ಲುತ್ತವೆ. ಟ್ಯಾಗಿನೊಳಗಿನ 3 ಬಿಟ್ ಆದ್ಯತೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೋಮ್‌ಪ್ಲಗ್ ಎವಿಯಲ್ಲಿ ಮೂಲ ಹೊಂದಾಣಿಕೆ ಹೀಗಿದೆ: ಆದ್ಯತೆ 1 ಮತ್ತು 2 ಅತಿ ಕೆಳಗೆ, 0 ಮತ್ತು 3 ಅದರ ಮೇಲೆ, 4 ಮತ್ತು 5 ಇನ್ನೂ ಮೇಲೆ, 6 ಮತ್ತು 7 ತುದಿಗೆ. 1 ಎಂಬುದು 0ಗಿಂತ ಕೆಳಗೆ ಎಂಬುದು ಮರೆತುಹೋಗುತ್ತದೆ. ಕ್ಯಾಮೆರಾಗಳಿಗೆ 0 ಬಿಟ್ಟು, ಕರೆ ಹೋಗುವ ವಿಲ್ಯಾನಿಗೆ 5 ಕೊಡಿ. ನಿಮ್ಮಲ್ಲಿ ಅದು 30 ಎಂದುಕೊಂಡರೆ, ಲಿನಕ್ಸ್‌ನಲ್ಲಿ:

ಐಪಿ ಲಿಂಕ್ ಸೆಟ್ ಡೆವ್ ಈಥ್0.30 ಟೈಪ್ ವಿಲ್ಯಾನ್ ಈಗ್ರೆಸ್-ಕ್ಯೂಒಎಸ್-ಮ್ಯಾಪ್ 0:5

ಕೆಳಗಿನ ರೂಟರ್‌ನಲ್ಲಿ ಮಾತ್ರ ಮಾಡಿದರೆ ಪ್ರಯೋಜನ ಅರ್ಧ. ವಿಡಿಯೊ ಹೊರಡುವುದು ಮೇಲಿನಿಂದ. ಕಿಕ್ಕಿರಿಯುವುದು ಮೇಲಿನ ಪ್ಲಗ್. ಅಲ್ಲಿನ ಸ್ವಿಚ್‌ನಲ್ಲಿ ವೈಫೈ ಆ್ಯಕ್ಸೆಸ್ ಪಾಯಿಂಟ್ ಕೂತ ಪೋರ್ಟಿಗೂ 5ರ ಆದ್ಯತೆ ಹಾಕಿ.

ಆದ್ಯತೆಯಿಂದ ಸರದಿ ಬದಲಾಗುತ್ತದೆ, ವೈರು ಅಗಲವಾಗುವುದಿಲ್ಲ. ಪಿಎಲ್‌ಸಿಸ್ಟ್ಯಾಟ್ ತೋರಿಸುವ ವೇಗ ಲೈನಿನ ಕಚ್ಚಾ ವೇಗ, ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು ಅಥವಾ ಇನ್ನೂ ಕಡಿಮೆ. ಅದು ಕ್ಯಾಮೆರಾಗಳಿಗೇ ಸಾಲದಿದ್ದರೆ ಪ್ಲಗ್‌ನ ಜಾಗ ಬದಲಿಸಬೇಕು. ಸ್ಪೈಕ್ ಗಾರ್ಡ್‌ನಿಂದ ತೆಗೆದು ಗೋಡೆಯ ಸಾಕೆಟ್‌ಗೇ ಹಾಕಿ. ಅದರೊಳಗಿನ ಫಿಲ್ಟರ್ ಸಿಗ್ನಲನ್ನೇ ನುಂಗುತ್ತದೆ. ತ್ರೀ ಫೇಸ್ ಮನೆಯಾದರೆ ಎರಡೂ ಪ್ಲಗ್ ಒಂದೇ ಫೇಸಿನಲ್ಲಿರಲಿ. ಒಂದು ಇನ್ವರ್ಟರ್ ಲೈನಿನಲ್ಲಿ, ಇನ್ನೊಂದು ನೇರ ಲೈನಿನಲ್ಲಿ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಕರೆಂಟ್ ಹೋದಾಗ ಕ್ಯಾಮೆರಾ ಬೇಕೆಂದರೆ ಎರಡನ್ನೂ ಇನ್ವರ್ಟರ್ ಲೈನಿಗೆ ತನ್ನಿ. ಪ್ರತಿ ಬದಲಾವಣೆಗೂ ಮುಂಚೆ, ಆಮೇಲೆ ಪಿಎಲ್‌ಸಿಸ್ಟ್ಯಾಟ್ ಓಡಿಸಿ, ಫ್ರಿಜ್, ಮೋಟಾರ್ ಚಾಲೂ ಇರುವಾಗಲೂ ಒಮ್ಮೆ ಟಿಎಕ್ಸ್, ಆರ್‌ಎಕ್ಸ್ ಬರೆದಿಟ್ಟುಕೊಳ್ಳಿ.